ವಲಸೆಯೂ ಭಾಷೆಯೂ: ದುರ್ಗದಬೈಲಿನಿಂದ ಒಂದು ನೋಟ

(ಶತಮಾನೋತ್ಸವದ ಉಪನ್ಯಾಸಮಾಲೆಯಲ್ಲಿ ನೀಡಿದ ಭಾಷಣದ ಪಾಠ)



ಈ ಸಂಜೆಯ ಉಪನ್ಯಾಸಕ್ಕಾಗಿ ಸಮಿತಿಯವರು ನಮಗೆ ಒಪ್ಪಿಸಿರುವ ವಿಷಯ ‘ವಲಸೆ ಮತ್ತು ಭಾಷೆ’ ಎಂಬುದು. ವಿಷಯವು ದೊಡ್ಡದು. ನಾವಾದರೋ ಮೂರು ದಶಕಗಳ ಕಾಲ ಮಕ್ಕಳಿಗೆ ಕನ್ನಡ ಪಾಠ ಹೇಳಿ ನಿವೃತ್ತರಾದವರು, ಭಾಷಾಶಾಸ್ತ್ರದ ಪಂಡಿತರಲ್ಲ. ಆದುದರಿಂದ ಗ್ರಂಥಗಳಿಂದ ಆರಂಭಿಸದೆ, ನಾವೆಲ್ಲರೂ ವಾರಕ್ಕೊಮ್ಮೆಯಾದರೂ ಕೈಚೀಲ ಹಿಡಿದು ಹೋಗುವ ದುರ್ಗದಬೈಲಿನಿಂದಲೇ ಆರಂಭಿಸುತ್ತೇವೆ.

ಬೈಲು ಎಂದರೆ ಬಯಲು. ದುರ್ಗದಬೈಲು ಎಂದರೆ ಕೋಟೆಯ ಬಯಲು. 1727ರಲ್ಲಿ ಸವಣೂರಿನ ನವಾಬ ಮಜೀದಖಾನನ ಕಾಲಕ್ಕೆ ಬಸಪ್ಪಶೆಟ್ಟಿ ಎಂಬ ವರ್ತಕನು ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದನೆಂದು ಚರಿತ್ರೆ ಹೇಳುತ್ತದೆ. ಅನಂತರ ಈ ಊರನ್ನು ಮರಾಠರು ಆಳಿದರು, ಹೈದರನು ಆಳಿದನು, ಮತ್ತೆ ಮರಾಠರು ಬಂದರು. ಹಳೇ ಹುಬ್ಬಳ್ಳಿಯು 1817ರಲ್ಲಿ ಪೇಶ್ವೆಯಿಂದಲೂ, ಹೊಸ ಹುಬ್ಬಳ್ಳಿಯು 1820ರಲ್ಲಿ ಸಾಂಗಲಿಯ ಪಟವರ್ಧನರಿಂದಲೂ ಇಂಗ್ಲಿಷರ ಕೈಸೇರಿದವು. ರಾಜರು ಹೋದರು, ಅವರ ಹಿಂದೆ ಬಂದ ಕಾರಕೂನರು, ಸಿಪಾಯಿಗಳು, ನೇಕಾರರು, ಸರಾಫರು ಇಲ್ಲಿಯೇ ಉಳಿದರು. ಸುತ್ತಣ ಬೀದಿಗಳ ಹೆಸರುಗಳನ್ನೇ ನೋಡಿರಿ. ಒಂದು ಓಣಿ, ಇನ್ನೊಂದು ಗಲ್ಲಿ, ಮತ್ತೊಂದು ಪೇಟೆ, ಮಗದೊಂದು ಸಾಲು. ಮರಾಠಾ ಗಲ್ಲಿ, ದಾಜಿಬಾನ ಪೇಟೆ, ಜವಳಿ ಸಾಲು, ಶಹಾ ಬಜಾರು, ಇಂಗ್ಲಿಷಿನ ಬ್ರಾಡ್‌ವೇ, ಕೊಂಕಣಿ ಮನೆತನದ ಹೆಸರು ಹೊತ್ತ ಕೊಪ್ಪೀಕರ ರಸ್ತೆ! ಹತ್ತು ನಿಮಿಷದ ನಡಿಗೆಯಲ್ಲಿ ಐದಾರು ಭಾಷೆಗಳನ್ನು ತುಳಿದು ಹೋಗುತ್ತೇವೆ. ಕಾಲಿಗೆ ಅದು ತಿಳಿಯುವುದಿಲ್ಲ.

ಇನ್ನು ಕಾಯಿಪಲ್ಲೆಯ ಸಾಲಿಗೆ ಬರೋಣ. ಅಲ್ಲಿ ಕುಳಿತ ಅಕ್ಕನು ‘ಬಟಾಟಿ’ ಎನ್ನುತ್ತಾಳೆ, ‘ಕೋಬಿ’ ಎನ್ನುತ್ತಾಳೆ. ಇವೆರಡೂ ಪೋರ್ಚುಗೀಸರ ಬಾಯಿಂದ ಹೊರಟು, ಗೋವೆಯನ್ನೂ ಮರಾಠಿಯನ್ನೂ ಹಾದು ಘಟ್ಟ ಹತ್ತಿ ಬಂದ ಮಾತುಗಳು. ಒಂದೂವರೆಗೆ ಆಕೆ ‘ದೀಡ’ ಎಂದರೆ ಅದು ಮರಾಠಿ. ತಿಂಗಳ ಕೊನೆಗೆ ನಾವು ಎದುರುನೋಡುವ ‘ಪಗಾರ’ವು ‘ಸಲ್ಲಿಸು’ ಎಂಬರ್ಥದ ಪೋರ್ಚುಗೀಸ್ ಕ್ರಿಯಾಪದ. ನಮ್ಮ ಸೀಮೆಯಲ್ಲಿ ಹರಾಜಿಗೆ ಹೇಳುವ ‘ಲಿಲಾವು’, ಬೀಗದ ‘ಚಾವಿ’, ಗಾರೆ ಕೆಲಸದ ‘ಮೇಸ್ತ್ರಿ’, ಕಡೆಗೆ ನಮ್ಮ ‘ಪಾದ್ರಿ’ ಎಂಬ ಮಾತೂ ಅದೇ ಹಡಗಿನಲ್ಲಿ ಬಂದವು. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಅದೇ ಹಡಗಿನಲ್ಲಿ ಅಮೆರಿಕ ಖಂಡದಿಂದ ಇನ್ನೊಬ್ಬ ಅತಿಥಿಯೂ ಬಂದನು. ಅವನಿಗೆ ನಮ್ಮವರು ಪರಭಾಷೆಯ ಹೆಸರನ್ನು ಉಳಿಸಲಿಲ್ಲ. ಮನೆಯಲ್ಲಿದ್ದ ಮೆಣಸಿನ ಹೆಸರನ್ನೇ ಕೊಟ್ಟು ‘ಮೆಣಸಿನಕಾಯಿ’ ಎಂದು ಕರೆದರು. ಇಂದು ಬ್ಯಾಡಗಿಯ ಮೆಣಸಿನಕಾಯಿಯನ್ನು ಹೊರಗಿನದೆಂದು ಯಾರಾದರೂ ಅಂದರೆ ದುರ್ಗದಬೈಲಿನಲ್ಲಿ ಜಗಳವಾದೀತು. ಬಂದವರಲ್ಲಿ ಕೆಲವರು ತಮ್ಮ ಹೆಸರಿನೊಡನೆ ಉಳಿಯುತ್ತಾರೆ, ಕೆಲವರು ನಮ್ಮ ಹೆಸರನ್ನು ಹೊತ್ತು ನಮ್ಮವರಾಗುತ್ತಾರೆ.

ಕೊಟ್ಟುದೂ ಉಂಟು. ಮರಾಠಿಯ ‘ತೂಪ’ವು ನಮ್ಮ ತುಪ್ಪ. ಅವರ ‘ಖಲಬತ್ತಾ’ವು ನಮ್ಮ ಕಲ್ಲಬತ್ತು. ಅಡಿಕೆ ಕತ್ತರಿಸುವ ಅವರ ‘ಅಡಕಿತ್ತಾ’ದಲ್ಲಿ ಅಡಿಕೆಯು ಕನ್ನಡದ್ದೇ. ಭಾಷೆಗಳ ನಡುವಣ ಈ ವ್ಯಾಪಾರಕ್ಕೆ ಜಕಾತಿ ಇಲ್ಲ, ಖಾತೆಯೂ ಇಲ್ಲ.

ಆದರೆ ವ್ಯಾಪಾರವೆಂದ ಮಾತ್ರಕ್ಕೆ ತಕ್ಕಡಿಯ ಎರಡು ತಟ್ಟೆಗಳೂ ಸಮವಾಗಿದ್ದುವೆಂದು ತಿಳಿಯಬಾರದು. ಮುಂಬಯಿ ಪ್ರಾಂತದ ಕಾಲದಲ್ಲಿ ಧಾರವಾಡ ಸೀಮೆಯ ಶಾಲೆಗಳಲ್ಲೂ ಕಚೇರಿಗಳಲ್ಲೂ ಮರಾಠಿಯೇ ಮುಂದಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಶಾಲೆಯಲ್ಲಿ ಮರಾಠಿ ಓದಬೇಕಾಗಿತ್ತು. ಡೆಪ್ಯೂಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಇದೇ ಸೀಮೆಯಲ್ಲಿ, ಮನೆಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆಯವರು ಧಾರವಾಡದ ಆಡುಗನ್ನಡವನ್ನು ಕಾವ್ಯದ ಸಿಂಹಾಸನದಲ್ಲಿ ಕುಳ್ಳಿರಿಸಿ, 1973ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು. ಮಾಸ್ತಿಯವರ ಮನೆಮಾತು ತಮಿಳು, ಗಿರೀಶ ಕಾರ್ನಾಡರದು ಕೊಂಕಣಿ. ಒಂದು ಭಾಷೆಯ ಒತ್ತಡವನ್ನು ಎದುರಿಸುವುದು ಬೇರೆ, ಆ ಭಾಷೆಯ ಮನುಷ್ಯನನ್ನು ದೂರವಿಡುವುದು ಬೇರೆ. ಇವೆರಡನ್ನೂ ಕಲಸಿದಾಗಲೆಲ್ಲ ನಮಗೆ ನಷ್ಟವಾಗಿದೆ.

ನಮ್ಮ ಧರ್ಮಕೇಂದ್ರದ ಅನೇಕ ಕುಟುಂಬಗಳ ಕಥೆಯು ರೈಲಿನಿಂದ ಆರಂಭವಾಗುತ್ತದೆ. 1876ರಿಂದ 78ರ ವರೆಗಿನ ಭೀಕರ ಕ್ಷಾಮದ ತರುವಾಯ, 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಯಿತು. ಅದೇ ದಶಕದಲ್ಲಿ ಹುಬ್ಬಳ್ಳಿಗೆ ರೈಲೂ ಬಂದಿತು, ಕಾರ್ಖಾನೆಯೂ ಬಂದಿತು, ಲೋಂಡಾ–ಕ್ಯಾಸಲ್‌ರಾಕ್ ಮಾರ್ಗವು ಗೋವೆಯ ಮರ್ಮಗೋವಾ ಬಂದರನ್ನು ಮುಟ್ಟಿತು. 1908ರಲ್ಲಿ ಕಂಪನಿಯ ಹೆಸರು ‘ಮದ್ರಾಸ್ ಅಂಡ್ ಸದರ್ನ್ ಮರಾಠಾ’ ಎಂದಾಯಿತು. ಆ ಹೆಸರಿನಲ್ಲಿಯೇ ನಮ್ಮ ಊರಿನ ಭಾಷಾಸ್ಥಿತಿಯು ಅಡಗಿದೆ. ಮದ್ರಾಸಿನ ಕಡೆಯಿಂದ ತಮಿಳರು, ತೆಲುಗರು, ಗೋವೆಯಿಂದ ಕೊಂಕಣಿಗರು, ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳ ಆಂಗ್ಲೋ-ಇಂಡಿಯನ್ ಚಾಲಕರು, ಅನಂತರ ಮಂಗಳೂರು ಸೀಮೆಯವರು. ಎಲ್ಲರೂ ಗದಗ ರಸ್ತೆಯ ಒಂದೇ ಭೋಂಗಾದ ಕೂಗಿಗೆ ಎದ್ದು ಕೆಲಸಕ್ಕೆ ಹೋದರು.

ಎಲ್ಲರೂ ಇಚ್ಛೆಯಿಂದ ಬಂದವರೆಂದು ಹೇಳಿದರೆ ಅಸತ್ಯವಾದೀತು. 1871ರ ಕಾಯ್ದೆಯೊಂದು ಕೆಲವು ಅಲೆಮಾರಿ ಜಾತಿಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿತು. ಅಂಥವರನ್ನು ತಂದು ಕಾವಲಿನಲ್ಲಿಟ್ಟ ಜಾಗವೇ ಹುಬ್ಬಳ್ಳಿಯ ಸೆಟ್ಲಮೆಂಟು. ಆ ಹಣೆಪಟ್ಟಿ 1952ರಲ್ಲಿ ಹೋಯಿತು. ಬಡಾವಣೆಯ ಹೆಸರು ಹೋಗಲಿಲ್ಲ. ಅವರ ಮನೆಮಾತುಗಳನ್ನು ಪೊಲೀಸರು ಗುಟ್ಟಿನ ಭಾಷೆಯೆಂದು ಸಂಶಯಿಸುತ್ತಿದ್ದ ಕಾಲವೊಂದಿತ್ತು. ಆಡಿದರೆ ಸಂಶಯ ಬರುವ ಭಾಷೆಯನ್ನು ತಾಯಿಯು ಮಗುವಿಗೆ ಕಲಿಸಲು ಎಷ್ಟು ಬಾರಿ ಹಿಂಜರಿದಿರಬಹುದೆಂದು ಯೋಚಿಸಬೇಕು.

ಇಷ್ಟು ಭಾಷೆಗಳು ಕೂಡಿದಾಗ ಏನಾಗುತ್ತದೆ? ಇದಕ್ಕೆ ನಮ್ಮ ನೆರೆಯಿಂದಲೇ ಒಂದು ಪ್ರಸಿದ್ಧ ನಿದರ್ಶನವಿದೆ. ಸಾಂಗಲಿ ಜಿಲ್ಲೆಯ ಕುಪ್ವಾಡವೆಂಬ ಹಳ್ಳಿಯನ್ನು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಅಲ್ಲಿ ಜೈನರು ಕನ್ನಡವನ್ನೂ, ಮುಸಲ್ಮಾನರು ಉರ್ದುವನ್ನೂ, ಉಳಿದವರಲ್ಲಿ ಕೆಲವರು ಮರಾಠಿಯನ್ನೂ, ಕೆಲವರು ತೆಲುಗನ್ನೂ ಶತಮಾನಗಳಿಂದ ಮನೆಗಳಲ್ಲಿ ಉಳಿಸಿಕೊಂಡಿದ್ದರು. ಶಬ್ದಗಳು ಬೇರೆಯಾಗಿಯೇ ಉಳಿದಿದ್ದವು. ಆದರೆ ವಾಕ್ಯದ ಕಟ್ಟಡವು ಬಹುಮಟ್ಟಿಗೆ ಒಂದೇ ಆಗಿಬಿಟ್ಟಿತ್ತು. ಅಂಗಳದಲ್ಲಿ ಎಲ್ಲರೂ ಒಂದೇ ರೀತಿ ಯೋಚಿಸಿ, ಮನೆಯೊಳಗೆ ಬೇರೆ ಬೇರೆ ಮಾತುಗಳಲ್ಲಿ ಆಡುತ್ತಿದ್ದರು ಎಂದರೂ ಸಲ್ಲುತ್ತದೆ. ಕುಪ್ವಾಡಕ್ಕೆ ಹೋಗುವುದೇಕೆ? ನಮ್ಮ ಊರಿನ ಮುಸಲ್ಮಾನ ಬಂಧುಗಳ ದಖನಿಯನ್ನು ಕಿವಿಗೊಟ್ಟು ಕೇಳಿರಿ. ನಾವು ‘ಬರತೇನಂತ ಹೇಳಿದ’ ಎಂದರೆ ಅವರು ‘ಆತಾ ಹೂಂ ಬೋಲ್ಕೆ ಬೋಲ್ಯಾ’ ಎನ್ನುತ್ತಾರೆ. ನಮ್ಮ ‘ಅಂತ’ ಇದ್ದಲ್ಲಿ ಅವರ ‘ಬೋಲ್ಕೆ’. ದೆಹಲಿಯ ಉರ್ದುವಿನಲ್ಲಿ ಇದು ಇಲ್ಲ. ಅವರ ‘ನಕ್ಕೊ’ ಮರಾಠಿಯ ‘ನಕೊ’. ಒಂದು ವಾಕ್ಯದಲ್ಲಿ ಮೂರು ಮನೆತನಗಳು.

ವ್ಯಾಕರಣದ ಇನ್ನೊಂದು ಸೂಕ್ಷ್ಮವನ್ನು ಇಲ್ಲಿಯೇ ಹೇಳಬೇಕು. ಅದು ನಮ್ಮ ಸಂಘಜೀವನಕ್ಕೆ ಸಂಬಂಧಿಸಿದೆ. ಇಂದಿನ ಕನ್ನಡದಲ್ಲಿ ‘ನಾವು’ ಎಂಬುದು ಒಂದೇ. ತೆಲುಗಿನಲ್ಲಿ ಎರಡು: ಕೇಳುವವರನ್ನೂ ಸೇರಿಸಿಕೊಂಡರೆ ‘ಮನಮು’, ಬಿಟ್ಟರೆ ‘ಮೇಮು’. ತಮಿಳಿನಲ್ಲಿಯೂ ‘ನಾಮ್’ ಬೇರೆ, ‘ನಾಂಗಳ್’ ಬೇರೆ. ಮರಾಠಿಯಲ್ಲಿಯೂ ‘ಆಪಣ’ ಮತ್ತು ‘ಆಮ್ಹಿ’ ಉಂಟು. ಬಹಳ ವರ್ಷಗಳ ಹಿಂದೆ ಹಬ್ಬದ ಊಟದ ಸಭೆಯಲ್ಲಿ ತೆಲುಗು ಕುಟುಂಬದ ಹಿರಿಯರೊಬ್ಬರು ಎದ್ದು ನಿಂತು, ‘ಅಡಿಗಿ ನಾವು ನೋಡ್ಕೋತೀವ್ರಿ’ ಎಂದರು. ಅವರ ಮನಸ್ಸಿನಲ್ಲಿದ್ದುದು ‘ಮನಮು’, ಅಂದರೆ ಎಲ್ಲರೂ ಕೂಡಿ. ಸಭೆಯು ಕೇಳಿದ್ದು ‘ಮೇಮು’. ಹಬ್ಬದ ಬೆಳಿಗ್ಗೆ ಎರಡು ಮಣ ಉಳ್ಳಾಗಡ್ಡಿಯ ಮುಂದೆ ಆ ಒಂದೇ ಕುಟುಂಬದವರು ಕುಳಿತಿದ್ದರು. ಊಟವು ಮೂರು ಗಂಟೆಗೆ ಆಯಿತು. ಆ ದಿನ ಆಡಿದ ಮಾತುಗಳು ಎರಡು ವರ್ಷ ಮನಸ್ಸಿನಲ್ಲಿ ಉಳಿದವು. ತಪ್ಪು ಯಾರದು? ನಮ್ಮ ಸರ್ವನಾಮದ್ದು ಎಂದು ನಾವು ಈಗ ಹೇಳಬಲ್ಲೆವು. ಆಗ ಯಾರಿಗೂ ಹೊಳೆಯಲಿಲ್ಲ.

ಪೂಜೆಯ ಭಾಷೆಯ ಪ್ರಶ್ನೆಯೂ ಇಲ್ಲಿಂದ ದೂರವಿಲ್ಲ. ಲತೀನ್ ಭಾಷೆ ಇದ್ದಾಗ ಅದು ಯಾರ ಮನೆಮಾತೂ ಅಲ್ಲವಾದ್ದರಿಂದ ಯಾರಿಗೂ ಅಸಮಾಧಾನವಿರಲಿಲ್ಲ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಜನರ ಭಾಷೆಗೆ ಬಾಗಿಲು ತೆರೆಯಿತು. ಸಂತೋಷವೇ ಸರಿ, ಆದರೆ ಯಾವ ಜನರ ಭಾಷೆ? ರಾಜ್ಯದ ರಾಜಧಾನಿಯಲ್ಲಿ ಈ ಪ್ರಶ್ನೆಯು ಕಲಹಕ್ಕೂ ಕಾರಣವಾಯಿತು. ನಮ್ಮಲ್ಲಿ ಅಷ್ಟು ಆಗಲಿಲ್ಲ. ಒಂದೇ ಕಟ್ಟಡವನ್ನು ಕೊಂಕಣಿಗರು ಪೋರ್ಚುಗೀಸಿನಿಂದ ಬಂದ ‘ಇಗರ್ಜ್’ ಎಂದೂ, ಮಕ್ಕಳು ‘ಚರ್ಚು’ ಎಂದೂ, ಆಮಂತ್ರಣ ಪತ್ರಿಕೆಯು ‘ದೇವಾಲಯ’ವೆಂದೂ ಕರೆಯುತ್ತ ಬಂದಿವೆ. ಕನ್ನಡವನ್ನು ಎಲ್ಲರೂ ಒಪ್ಪಿದರು. ಆದರೆ ಬಂದ ಕನ್ನಡವು ಪುಸ್ತಕದ ಕನ್ನಡ. ಸುತ್ತಣ ಹಳ್ಳಿಯಿಂದ ಬಂದ ಒಬ್ಬ ತಾಯಿ ಒಮ್ಮೆ ನಮ್ಮನ್ನು ಕೇಳಿದಳು: ‘ಯಾಕ್ರಿ ಮಾಸ್ತರ, ದೇವರಿಗೆ ನಮ್ಮ ಮಾತು ತಿಳಿಯಂಗಿಲ್ಲೇನ್ರಿ?’ ನಾವು ನಕ್ಕು ಸುಮ್ಮನಾದೆವು. ಏಕೆಂದರೆ ತರಗತಿಯಲ್ಲಿ ‘ಬಂದಾನ’ ಎಂದು ಬರೆದ ಹುಡುಗನ ಅಂಕವನ್ನು ಕೆಂಪು ಶಾಯಿಯಿಂದ ಕತ್ತರಿಸುತ್ತ ಬಂದವರು ನಾವೇ. 1981ರ ಗೋಕಾಕ ವರದಿಯ ಪರವಾಗಿ ಕನ್ನಡದ ಚಳವಳಿ ನಡೆದಾಗ ನಾವೂ ಮೆರವಣಿಗೆಯಲ್ಲಿ ಇದ್ದೆವು. ಮರುದಿನ ಶಾಲೆಗೆ ಹೋಗಿ ಹುಬ್ಬಳ್ಳಿಯ ಕನ್ನಡವನ್ನು ತಿದ್ದಿದೆವು. ಆ ಹುಡುಗರಲ್ಲಿ ಕೆಲವರು ಈ ಸಭೆಯಲ್ಲಿದ್ದಾರೆ, ಕ್ಷಮಿಸಬೇಕು.

ಇನ್ನು ನಮ್ಮ ಮನೆಯದೇ ಒಂದು ಸಂಗತಿಯನ್ನು ಹೇಳುತ್ತೇವೆ. ಇದನ್ನು ಹೇಳುವುದಕ್ಕಾಗಿಯೇ ಉಪನ್ಯಾಸವನ್ನು ಒಪ್ಪಿಕೊಂಡೆವೆಂದರೂ ತಪ್ಪಿಲ್ಲ.

ನಮ್ಮ ತಂದೆಯವರು ದಕ್ಷಿಣ ಕನ್ನಡದ ಕೊಂಕಣಿಗರು. ರೈಲ್ವೆ ಕಾರ್ಖಾನೆಯ ಕೆಲಸಕ್ಕೆ ಬಂದವರು. ತಾಯಿಯವರು ಧಾರವಾಡ ಸೀಮೆಯ ಕನ್ನಡದವರು. ಮನೆಯಲ್ಲಿ ಕನ್ನಡವೇ ನಡೆಯಿತು. ತಂದೆಯವರ ಕೊಂಕಣಿಯನ್ನು ನಾವು ಕೇಳಿದ್ದು ಪ್ರಾರ್ಥನೆಯಲ್ಲಿ, ನಿದ್ದೆಯ ಕನವರಿಕೆಯಲ್ಲಿ. 1994ರಲ್ಲಿ ಅವರು ತೀರಿಕೊಂಡ ಬಳಿಕ ಟ್ರಂಕಿನ ತಳದಲ್ಲಿ, ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಇನ್‌ಲ್ಯಾಂಡ್ ಪತ್ರವು ದೊರೆಯಿತು. ಅಜ್ಜಿಯು 1962ರ ಅಕ್ಟೋಬರಿನಲ್ಲಿ ಊರಿನ ಯಾರ ಕೈಯಿಂದಲೋ ಬರೆಸಿದ ಪತ್ರ. ಮಂಗಳೂರು ಸೀಮೆಯವರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರಷ್ಟೆ. ಆದುದರಿಂದ ಕನ್ನಡ ಮಾಸ್ತರರಾದ ನಾವು ಆ ಪತ್ರವನ್ನು ಒಂದಕ್ಷರವೂ ತಡವರಿಸದೆ ಓದಿದೆವು. ಒಂದು ವಾಕ್ಯವೂ ತಿಳಿಯಲಿಲ್ಲ. ಕಣ್ಣಿಗೆ ಬಿದ್ದದ್ದು ಎರಡು ಮಾತು. ಒಂದು, ಮತ್ತೆ ಮತ್ತೆ ಬರುವ ‘ಯೇ’. ಇನ್ನೊಂದು ‘ಬಾಕಿ’ ಎಂದು ಮೊದಲಾಗುವ ಪದ. ಹುಬ್ಬಳ್ಳಿಯಲ್ಲಿ ‘ಯೇ’ ಎಂದರೆ ಸಿಟ್ಟಿನ ಕೂಗು. ‘ಬಾಕಿ’ ಎಂದರೆ ಕೊಡಬೇಕಾದ ಹಣ. ತಂದೆಯವರು ಊರಿನಲ್ಲಿ ಸಾಲ ಉಳಿಸಿ ಬಂದಿದ್ದರು, ಅಜ್ಜಿ ಬೈದು ಬರೆಸಿದ್ದಾಳೆ, ಅದಕ್ಕಾಗಿಯೇ ಅವರು ಊರಿಗೆ ಹೋಗುತ್ತಿರಲಿಲ್ಲ, ಎಂದು ನಾವು ಅಣ್ಣತಮ್ಮಂದಿರು ತೀರ್ಮಾನಿಸಿದೆವು. ಅಣ್ಣನು ಬ್ಯಾಂಕಿನಿಂದ ಹಣ ತೆಗೆಯಲೂ ಸಿದ್ಧನಾದನು. ತಾಯಿಯವರು ಆ ವಾರ ಸರಿಯಾಗಿ ಊಟ ಮಾಡಲಿಲ್ಲ.

ನೆರೆಮನೆಯಲ್ಲಿ ಗೋವೆಯ ಮೂಲದ ವೃದ್ಧೆಯೊಬ್ಬರಿದ್ದರು. ಅವರಿಗೆ ಕೊಂಕಣಿಯನ್ನು ರೋಮನ್ ಲಿಪಿಯಲ್ಲಿ ಓದಿ ರೂಢಿ. ಕನ್ನಡವನ್ನು ಚೆನ್ನಾಗಿ ಆಡುವರು, ಅಕ್ಷರ ಬಾರದು. ಹೀಗಿರಲು ಒಂದು ಸಂಜೆ ಅವರ ಪಡಸಾಲೆಯಲ್ಲಿ ನಾವು ಓದುತ್ತ ಹೋದೆವು, ಅವರು ಕೇಳುತ್ತ ಹೋದರು. ಓದಬಲ್ಲವರಿಗೆ ಅರ್ಥವಾಗದು, ಅರ್ಥವಾಗುವವರಿಗೆ ಓದಲು ಬಾರದು! ನಾಲ್ಕು ಸಾಲು ಆಗುವಷ್ಟರಲ್ಲಿ ಆ ತಾಯಿ ಕೈಯೆತ್ತಿ ತಡೆದರು. ‘ಬೈಗಳ ಅಲ್ಲಪಾ ಇದು. ಯೇ ಅಂದ್ರ ಬಾ ಅಂತ. ಯೇ ಪುತಾ, ಬಾ ಮಗನ, ಅಂತ ಕರೀಲಿಕ್ಕೆ ಹತ್ಯಾರ.’ ಆದರೆ ‘ಬಾಕಿಮಾರ್’ ಎಂಬ ಪದವು ಅವರಿಗೂ ತಿಳಿಯಲಿಲ್ಲ. ಗೋವೆಯ ಕೊಂಕಣಿಯಲ್ಲಿ ಅದಿಲ್ಲವೆಂದರು. ಮರುದಿನ ಪೇಟೆಯ ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಕುಳಿತವರನ್ನು ಕೇಳಿದೆವು. ಅವರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ, ‘ಅದು ನಮ್ಮ ತುಳು ಮಾತು ಮಾರಾಯ್ರೆ, ಮನೆಯ ಎದುರಿನ ದೊಡ್ಡ ಗದ್ದೆ’ ಎಂದರು.

ಪತ್ರದ ತಾತ್ಪರ್ಯ ಇಷ್ಟು: ಜಮೀನು ಪಾಲಾಗುತ್ತಿದೆ, ಕೊಯ್ಲಿಗೆ ಮೊದಲು ನೀನು ಬಂದರೆ ಬಾಕಿಮಾರ್ ಗದ್ದೆಯು ನಿನ್ನ ಪಾಲಿಗೆ, ಬಾ ಮಗನೇ. ಸಾಲವಿರಲಿಲ್ಲ, ಬೈಗುಳವಿರಲಿಲ್ಲ. ತಂದೆಯವರು ಏಕೆ ಹೋಗಲಿಲ್ಲವೆಂಬುದು ಪತ್ರದಲ್ಲಿಲ್ಲ. ನಾವು ಮರುವರ್ಷ ಆ ಊರಿಗೆ ಹೋಗಿ ಗದ್ದೆಯನ್ನು ನೋಡಿಬಂದೆವು. ಗೇಣಿಗೆ ಕೊಟ್ಟಿದ್ದ ಆ ನೆಲವು 1974ರ ಭೂಸುಧಾರಣೆಯ ತಿದ್ದುಪಡಿಯ ತರುವಾಯ ಉಳುವವರಿಗೆ ಸೇರಿತ್ತು, ಅದು ನ್ಯಾಯವೇ. ಆ ಮನೆಯವರು ನಮಗೆ ಎಳನೀರು ಕೊಟ್ಟರು. ಅವರೊಡನೆ ಮಾತನಾಡಲು ನಮಗೆ ಕೊಂಕಣಿಯೂ ಇಲ್ಲ, ತುಳುವೂ ಇಲ್ಲ. ಅವರು ಶಾಲೆಯಲ್ಲಿ ಕಲಿತ ಕನ್ನಡವೇ ಆಧಾರವಾಯಿತು. ನಮ್ಮ ಹುಬ್ಬಳ್ಳಿಯ ಕನ್ನಡವನ್ನು ಕೇಳಿ ಅವರ ಮಕ್ಕಳು ಬಾಗಿಲ ಮರೆಯಲ್ಲಿ ನಗುತ್ತಿದ್ದರು.

ಭಾಷೆಯು ಕಾಯ್ದೆಯಿಂದ ಸಾಯುತ್ತದೆಂದು ಹಲವರು ತಿಳಿಯುತ್ತಾರೆ. 1684ರಲ್ಲಿ ಗೋವೆಯ ಪೋರ್ಚುಗೀಸ್ ಸರಕಾರವು ಕೊಂಕಣಿಯನ್ನು ಬಿಟ್ಟು ಮೂರು ವರ್ಷದೊಳಗೆ ಪೋರ್ಚುಗೀಸನ್ನು ರೂಢಿಸಿಕೊಳ್ಳಬೇಕೆಂದು ಆಜ್ಞೆ ಹೊರಡಿಸಿತು. ಕೊಂಕಣಿ ಸಾಯಲಿಲ್ಲ. 1987ರಲ್ಲಿ ಅದು ಗೋವೆಯ ರಾಜಭಾಷೆಯಾಯಿತು, 1992ರಲ್ಲಿ ಸಂವಿಧಾನದ ಎಂಟನೆಯ ಅನುಸೂಚಿಗೆ ಸೇರಿತು. ಆದರೆ ನಮ್ಮ ಮನೆಯಲ್ಲಿ ಯಾವ ಆಜ್ಞೆಯೂ ಇಲ್ಲದೆ, ಯಾರ ಒತ್ತಾಯವೂ ಇಲ್ಲದೆ, ಒಂದೇ ತಲೆಮಾರಿನಲ್ಲಿ ಅದು ಇಲ್ಲವಾಯಿತು. ತಮಿಳು ಮತ್ತು ತೆಲುಗು ಮನೆಗಳಲ್ಲಿಯೂ ಇದೇ ನಡೆದಿರುವುದನ್ನು ಕಂಡಿದ್ದೇವೆ. ಈಗ ಅವೇ ಮನೆಗಳಲ್ಲಿ ಕನ್ನಡದ ಸರದಿ ಬಂದಿದೆ. ಮೊಮ್ಮಕ್ಕಳು ಅಜ್ಜನಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ಜನಗಣತಿಯವರು ಬಂದಾಗ ಮಾತೃಭಾಷೆ ಒಂದನ್ನೂ, ಬಲ್ಲ ಇತರ ಭಾಷೆ ಎರಡನ್ನೂ ಬರೆದುಕೊಳ್ಳುತ್ತಾರೆ. ಕಳೆದುಹೋದ ಭಾಷೆಗೆ ಅವರ ಹಾಳೆಯಲ್ಲಿ ಅಂಕಣವಿಲ್ಲ.

ಗೋವೆಯಿಂದ ಜನರನ್ನು ತಂದ ಅದೇ ರೈಲುಮಾರ್ಗವು ಇಂದು ಗದಗ, ಕೊಪ್ಪಳ, ವಿಜಯಪುರ ಸೀಮೆಯ ಬಡವರನ್ನು ಗೋವೆಗೆ ಒಯ್ಯುತ್ತಿದೆ. ಅವರು ಅಲ್ಲಿ ರಸ್ತೆ ಹಾಕುತ್ತಾರೆ, ಮನೆ ಕಟ್ಟುತ್ತಾರೆ, ಮೀನಿನ ಬುಟ್ಟಿ ಹೊರುತ್ತಾರೆ. ಅಲ್ಲಿಯವರಲ್ಲಿ ಕೆಲವರು ಅವರನ್ನು ‘ಘಾಟಿ’ಗಳೆಂದು, ಘಟ್ಟದ ಮೇಲಿನವರೆಂದು ಹಳಿಯುವುದೂ ಉಂಟು. 2004ರಲ್ಲಿ ವಾಸ್ಕೋದ ಬೈನಾ ಕಡಲಂಚಿನ ಮನೆಗಳನ್ನು ಕೆಡವಿದಾಗ ನೆಲೆ ಕಳೆದುಕೊಂಡವರಲ್ಲಿ ಕನ್ನಡಿಗರು ಬಹುಮಂದಿ. ಅವರ ಮಕ್ಕಳು ಈಗ ಶಾಲೆಯಂಗಳದಲ್ಲಿ ಕೊಂಕಣಿ ಆಡುತ್ತಾರೆ, ಮನೆಯಲ್ಲಿ ಕನ್ನಡಕ್ಕೆ ತಡವರಿಸುತ್ತಾರೆ. ನಮ್ಮ ಕಥೆಯೇ ತಿರುವುಮುರುವಾಗಿ ನಡೆದಿದೆ. ಇತ್ತ ದುರ್ಗದಬೈಲಿನ ತಿಂಡಿಗಾಡಿಗಳ ಬಳಿ, ಗಿರಮಿಟ್ಟು ಮಿರ್ಚಿಗಳ ಪಕ್ಕದಲ್ಲಿ, ಬಿಹಾರದಿಂದ ಬಂದ ಹುಡುಗರು ನಿಂತಿದ್ದಾರೆ. ಮೊನ್ನೆ ಅವರಲ್ಲೊಬ್ಬನು ನಮಗೆ ‘ಖಾರ ಕಮ್ಮಿ ಹಾಕ್ಲೇನ್ರಿ ಅಜ್ಜಾರ?’ ಎಂದು ಕೇಳಿದನು. ಆ ‘ರಿ’ಯನ್ನು ಅವನು ಎಷ್ಟು ದಿನದಲ್ಲಿ ಕಲಿತನೆಂದು ವಿಚಾರಿಸಿದೆವು. ಮೊದಲ ವಾರದಲ್ಲಿಯೇ, ಎಂದನು; ಅದಿಲ್ಲದೆ ಗಿರಾಕಿ ನಿಲ್ಲುವುದಿಲ್ಲವಂತೆ.

ಸಮಿತಿಯವರ ಅನುಮತಿಯಿಂದ ಒಂದು ಪ್ರಕಟಣೆ ಮಾಡಿ ಮಾತು ಮುಗಿಸುತ್ತೇವೆ. ತಮ್ಮ ತಮ್ಮ ಮನೆಗಳ ಟ್ರಂಕು, ಪೆಟ್ಟಿಗೆಗಳಲ್ಲಿ ಹಳೆಯ ಪತ್ರಗಳು, ಪ್ರಾರ್ಥನೆಯ ಪುಸ್ತಕಗಳು, ಲೆಕ್ಕದ ಚೀಟಿಗಳು ಯಾವ ಭಾಷೆಯಲ್ಲಿದ್ದರೂ, ಓದಲು ಬಾರದಿದ್ದರೂ, ಗೆದ್ದಲು ಹಿಡಿಯುವ ಮೊದಲು ತರಬೇಕು. ಬರುವ ಭಾನುವಾರದಿಂದ ಎರಡನೆಯ ಪೂಜೆಯ ತರುವಾಯ ಈ ಸಭಾಗೃಹದಲ್ಲಿಯೇ ಕುಳಿತು ಓದಿ, ನಕಲು ಮಾಡಿ, ಮೂಲವನ್ನು ಹಿಂದಿರುಗಿಸಲಾಗುವುದು. ರೋಮನ್ ಲಿಪಿಯ ಕೊಂಕಣಿ ಓದಬಲ್ಲವರು ಇಬ್ಬರು ಒಪ್ಪಿದ್ದಾರೆ. ತಮಿಳಿಗೆ ಒಬ್ಬರಿದ್ದಾರೆ. ಕನ್ನಡ ಲಿಪಿಯದನ್ನು ನಾವು ಓದುತ್ತೇವೆ. ಅರ್ಥ ಹೇಳುವವರು ಪಕ್ಕದಲ್ಲಿ ಕುಳಿತು ಕೇಳಿದರೆ ಸಾಕು. ತೆಲುಗು ಓದಬಲ್ಲವರು ಇನ್ನೂ ದೊರೆತಿಲ್ಲ. ಈ ಸಭೆಯಲ್ಲಿ ಯಾರಾದರೂ ಇದ್ದರೆ ಚಹಾ ಕುಡಿಯುವಾಗ ದಯವಿಟ್ಟು ನಮ್ಮನ್ನು ಕಾಣಬೇಕು.